ಎಳೆಯರ ಮುಷ್ಕರವೂ ಹಿರಿಯರ ವ್ರತವೂ

ಕಳೆದ ದಶಲಕ್ಷಣ ಪರ್ವದ ಕೊನೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವೇ ಈ ಲೇಖನಕ್ಕೆ ಕಾರಣವಾಯಿತು. ಪದವಿಪೂರ್ವ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಅನಂತ ಚತುರ್ದಶಿಯಂದು ಉಪವಾಸವಿದ್ದು, ಮರುದಿನ ಬೆಳಿಗ್ಗೆ ಪಾರಣೆಗಾಗಿ ಬಾವಿಯಿಂದ ನೀರು ಸೇದುತ್ತಿದ್ದಳು. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳು ಸಾಯದಂತೆ ಅದರ ಮೇಲೆ ಸೋಸಿದ ನೀರನ್ನೇ ಹೊಯ್ದು, ಮೆಲ್ಲನೆ ಅದೇ ಬಾವಿಗೆ ಇಳಿಸುತ್ತಿದ್ದಳು. ಅವಳಿಗೆ ಎಂಟು ವರ್ಷವಾಗಿದ್ದಾಗ ನಾನೇ ಕಲಿಸಿದ ಕ್ರಮವದು. ಕೆಲಸ ಮುಗಿಸಿ ನನ್ನ ಕಡೆ ತಿರುಗಿ ಕೇಳಿದಳು: “ಅಜ್ಜ, ಬಟ್ಟೆಯಲ್ಲಿ ಉಳಿದ ಜೀವವನ್ನು ಅದು ಹುಟ್ಟಿದ ನೀರಿಗೇ ಬಿಡಬೇಕೆಂದು ಹೇಳಿಕೊಟ್ಟಿರಿ. ಆ ನೀರೇ ಬದುಕಲಾಗದಷ್ಟು ಬಿಸಿಯಾದರೆ ಎಲ್ಲಿಗೆ ಬಿಡುವುದು? ಕಡಲು ಬಿಸಿಯಾಗುತ್ತಿದೆಯಲ್ಲ?” ನಾನು ಉತ್ತರ ಕೊಡಲಿಲ್ಲ; ಪಾರಣೆಯ ಹೊತ್ತಾಯಿತೆಂದು ಒಳಗೆ ನಡೆದೆ.

ಅದೇ ಸಂಜೆ ನನ್ನ ಮಗ ಒಂದು ದೂರು ತಂದ. ಹಿಂದಿನ ಶುಕ್ರವಾರ ಮೊಮ್ಮಗಳೂ ಅವಳ ಹತ್ತು ಹನ್ನೆರಡು ಮಂದಿ ಸಹಪಾಠಿಗಳೂ ಮಧ್ಯಾಹ್ನದ ತರಗತಿ ಬಿಟ್ಟು, ತಾಲ್ಲೂಕು ಕಛೇರಿಯ ಮುಂದೆ ಹವಾಮಾನ ಬದಲಾವಣೆಯನ್ನು ಕುರಿತ ಫಲಕಗಳನ್ನು ಹಿಡಿದು ಒಂದು ಗಂಟೆ ಮೌನವಾಗಿ ನಿಂತಿದ್ದರಂತೆ. ಕಾಲೇಜಿನಿಂದ ಪತ್ರ ಬಂದಿದೆ. “ಅಪ್ಪಾಜಿ, ನೀವು 34 ವರ್ಷ ಮೇಷ್ಟ್ರಾಗಿದ್ದವರು. ನೀವಾದರೂ ಅವಳಿಗೆ ಬುದ್ಧಿ ಹೇಳಿ” ಎಂದ. ಬುದ್ಧಿ ಹೇಳುವ ಮೊದಲು ವಿಷಯವನ್ನು ತಿಳಿಯಬೇಕಲ್ಲವೇ? ಕೆಲವು ವಾರಗಳ ಕಾಲ ಓದಿದೆ, ವಿಚಾರಿಸಿದೆ, ಚಿಂತಿಸಿದೆ. ಅದರ ಫಲವನ್ನು ಧರ್ಮಬಂಧುಗಳ ಮುಂದಿಡುತ್ತಿದ್ದೇನೆ. ಪ್ರಶ್ನೆ ಇಷ್ಟು: ಕಿರಿಯರು ಹಿರಿಯರ ಎದುರು ಹೀಗೆ ನಿಲ್ಲುವುದು ಧರ್ಮಸಮ್ಮತವೇ? ಸಮ್ಮತವಾದರೆ ಹಿರಿಯರಾದ ನಮ್ಮ ಕರ್ತವ್ಯವೇನು?

ಮೊದಲು ವಿಷಯದ ಸ್ವರೂಪವನ್ನು ಹೇಳಿಬಿಡುತ್ತೇನೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲುಗಳನ್ನು ಉರಿಸಿದಾಗ ಇಂಗಾಲದ ಡೈಆಕ್ಸೈಡ್ ಎಂಬ ಅನಿಲ ಹೊರಬೀಳುತ್ತದೆ. ಭೂಮಿಯಿಂದ ಹೊರಹೋಗಬೇಕಾದ ತಾಪವನ್ನು ಅದು ಕಂಬಳಿಯಂತೆ ತಡೆದು ಹಿಡಿಯುತ್ತದೆ. ಯಂತ್ರಯುಗಕ್ಕೆ ಮುನ್ನ ವಾಯುವಿನ ಪ್ರತಿ 10 ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಈ ಅನಿಲ ಈಗ 420ನ್ನು ಮೀರಿದೆ. ಅಳತೆಗಳು ಆರಂಭವಾದಂದಿನಿಂದ 2024ರವರೆಗೆ ಆ ವರ್ಷದಷ್ಟು ಬಿಸಿಯಾದ ವರ್ಷ ಇನ್ನೊಂದಿರಲಿಲ್ಲ. ಯಂತ್ರಯುಗದ ಹಿಂದಿನ ಸರಾಸರಿಗಿಂತ ಅದು ಸುಮಾರು 1.5 ಡಿಗ್ರಿ ಹೆಚ್ಚು. ಹೀಗೆ ಹೆಚ್ಚಿದ ತಾಪದಲ್ಲಿ ನೂರಕ್ಕೆ ಸುಮಾರು 90 ಭಾಗವನ್ನು ಸಮುದ್ರವೇ ನುಂಗಿಕೊಂಡಿದೆ. ಅದೇ 2024ರ ಬೇಸಗೆಯಲ್ಲಿ ನಮ್ಮ ಪಶ್ಚಿಮ ಕಡಲಿನ ಲಕ್ಷದ್ವೀಪದ ಹವಳದ ದಿಬ್ಬಗಳು ನೀರಿನ ಬಿಸಿಗೆ ಬಿಳಿಚಿದವು. ಅವನ್ನು ಆಶ್ರಯಿಸಿದ ಜೀವರಾಶಿಯ ಗತಿಯನ್ನು ವಾಚಕರೇ ಊಹಿಸಬಹುದು. ಬಾವಿಕಟ್ಟೆಯ ಬಳಿ ಕೇಳಿದ ಆ ಪ್ರಶ್ನೆ ಬರಿಯ ಹುಡುಗಾಟದ ಮಾತಾಗಿರಲಿಲ್ಲ.

ಇನ್ನು ಚಳುವಳಿಯ ವಿಷಯ. 2018ನೆಯ ಆಗಸ್ಟ್ 20ರಂದು ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಗ್ರೇಟಾ ಥುನ್‌ಬರ್ಗ್ ಎಂಬ 15 ವರ್ಷದ ಬಾಲಿಕೆ ಶಾಲೆಗೆ ಹೋಗದೆ ಸಂಸತ್ ಭವನದ ಹೊರಗೆ ಒಂದು ಫಲಕವನ್ನಿಟ್ಟುಕೊಂಡು ಕುಳಿತಳು. ಮೊದಲ ದಿನ ಅವಳೊಬ್ಬಳೇ. ಸೆಪ್ಟೆಂಬರ್ 9ರ ಚುನಾವಣೆಯವರೆಗೆ ಶಾಲಾದಿನಗಳಲ್ಲೆಲ್ಲ, ಅನಂತರ ಪ್ರತಿ ಶುಕ್ರವಾರ ಅವಳು ಹಾಗೆ ಕುಳಿತಳು. 2019ನೆಯ ಮಾರ್ಚ್ 15ರಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ 10 ಲಕ್ಷಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳು ಅದೇ ರೀತಿ ಶಾಲೆ ಬಿಟ್ಟು ಬೀದಿಗೆ ಬಂದರು. ಪತ್ರಿಕೆಗಳು ಈ ಸಂಖ್ಯೆಗಳನ್ನು ವಿಶೇಷವಾಗಿ ಬರೆದುವು. ನನ್ನ ಗಮನ ಹೋದುದು ಇನ್ನೊಂದು ಕಡೆಗೆ. ಬೀದಿಗೆ ಬರುವ ಮುನ್ನವೇ ಆ ಬಾಲಿಕೆ ತನ್ನ ಮನೆಯಲ್ಲಿ ಮಾಂಸವನ್ನೂ ಹಾಲನ್ನೂ ಬಿಟ್ಟಿದ್ದಳು, ತಂದೆತಾಯಿಗಳ ಮನವೊಲಿಸಿದ್ದಳು. ದೇಶವಿದೇಶಗಳಲ್ಲಿ ಹಾಡುತ್ತಿದ್ದ ಪ್ರಸಿದ್ಧ ಗಾಯಕಿಯಾದ ತಾಯಿ ಮಗಳ ಮಾತಿಗೆ ಓಗೊಟ್ಟು ವಿಮಾನಯಾನವನ್ನೇ ತ್ಯಜಿಸಿದರು. ಅದರಿಂದ ವೃತ್ತಿಗೆ ಆದ ನಷ್ಟವನ್ನೂ ಒಪ್ಪಿಕೊಂಡರು. 2019ನೆಯ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಸಭೆಗಾಗಿ ಅಮೆರಿಕಕ್ಕೆ ಹೋಗಬೇಕಾದಾಗ ಮಗಳು ಇಂಗ್ಲೆಂಡಿನ ಪ್ಲಿಮತ್ ಬಂದರಿನಿಂದ ಹಾಯಿದೋಣಿಯಲ್ಲಿ ಹೊರಟು, ಎರಡು ವಾರ ಕಡಲಿನಲ್ಲಿ ಕಳೆದು ನ್ಯೂಯಾರ್ಕ್ ಸೇರಿದಳು. ದಿಗ್ವ್ರತ, ದೇಶವ್ರತ, ಭೋಗೋಪಭೋಗ ಪರಿಮಾಣ ವ್ರತಗಳ ಹೆಸರನ್ನೇ ಕೇಳದ ಒಂದು ಮನೆ ಆ ವ್ರತಗಳ ಅಂಶವನ್ನು ತಾನಾಗಿ ಹಿಡಿದಿತ್ತು. ದೋಣಿಯನ್ನು ಹಿಂದಕ್ಕೆ ತರಲು ನಾವಿಕರು ವಿಮಾನದಲ್ಲಿ ಹೋಗಬೇಕಾಯಿತೆಂದು ಕೆಲವರು ಹಾಸ್ಯ ಮಾಡಿದರು. ಅದು ಅತಿಚಾರವಿರಬಹುದು. ಒಂದೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ನಮ್ಮ ಶಾಸ್ತ್ರಕಾರರೇ ಎಣಿಸಿದ್ದಾರೆ. ಅತಿಚಾರವುಂಟೆಂದ ಮಾತ್ರಕ್ಕೆ ವ್ರತವೇ ಇಲ್ಲವೆಂದು ಅವರು ಹೇಳಲಿಲ್ಲ.

ಇನ್ನೊಂದು ಉದಾಹರಣೆ ಪೆಸಿಫಿಕ್ ಸಾಗರದ ದ್ವೀಪಗಳದು. ಅಲ್ಲಿನ ಜನ ಉರಿಸಿದ ಕಲ್ಲಿದ್ದಲು ತೀರ ಅತ್ಯಲ್ಪ; ಏರುತ್ತಿರುವ ಕಡಲು ಮೊದಲು ನುಗ್ಗುವುದು ಅವರ ಅಂಗಳಕ್ಕೆ. 2019ರಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾನಿಲಯದ ವನುವಾಟು ಶಾಖೆಯಲ್ಲಿ ಕಾನೂನು ಓದುತ್ತಿದ್ದ 27 ಮಂದಿ ವಿದ್ಯಾರ್ಥಿಗಳು ಒಂದು ಯೋಚನೆ ಮಾಡಿದರು: ವಾಯುಗುಣವನ್ನು ಕಾಪಾಡುವುದರಲ್ಲಿ ರಾಷ್ಟ್ರಗಳ ಕರ್ತವ್ಯವೇನೆಂದು ಜಗತ್ತಿನ ಅತ್ಯುಚ್ಚ ನ್ಯಾಯಾಲಯವನ್ನೇ ಕೇಳಬಾರದೇಕೆ? ದ್ವೀಪರಾಷ್ಟ್ರಗಳ ಸರಕಾರಗಳಿಗೆ ಪತ್ರ ಬರೆದರು. ವನುವಾಟು ಸರಕಾರ ಕಿವಿಗೊಟ್ಟಿತು. 2023ನೆಯ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಆ ಪ್ರಶ್ನೆಯನ್ನು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಪ್ಪಿಸಿತು. 2025ನೆಯ ಜುಲೈ 23ರಂದು ನ್ಯಾಯಾಧೀಶರು ಏಕಾಭಿಪ್ರಾಯದಿಂದ ತಮ್ಮ ಸಲಹೆಯನ್ನು ಕೊಟ್ಟರು: ವಾಯುಗುಣವನ್ನು ರಕ್ಷಿಸುವುದು ರಾಷ್ಟ್ರಗಳಿಗೆ ಕಾನೂನಿನ ಕರ್ತವ್ಯ, ಅದನ್ನು ಉಪೇಕ್ಷಿಸುವುದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧವಾದ ಕೃತ್ಯವಾಗಬಹುದು. ತರಗತಿಯ ಕೋಣೆಯಲ್ಲಿ ಹುಟ್ಟಿದ ಪ್ರಶ್ನೆಗೆ ಉತ್ತರ ಬರಲು ಆರು ವರ್ಷ ಹಿಡಿಯಿತು. ಆ ಆರು ವರ್ಷವೂ ಅವರು ಕಾದರು. ಯುವಕರಿಗೆ ತಾಳ್ಮೆಯಿಲ್ಲವೆಂಬ ನಮ್ಮ ಸಾಮಾನ್ಯ ಆಕ್ಷೇಪಣೆ ಇವರಿಗೆ ಅನ್ವಯಿಸದು.

ಇಷ್ಟನ್ನು ತಿಳಿದ ಮೇಲೂ ನಮ್ಮ ಮನೆಗಳಲ್ಲಿ ಕೆಲವು ಶಂಕೆಗಳು ಉಳಿಯುತ್ತವೆ. ಬಸದಿಯ ಜಗಲಿಯಲ್ಲಿ ಸಮವಯಸ್ಕರೊಡನೆ ಮಾತನಾಡುವಾಗ ಕೇಳಿದವು, ನನ್ನ ಮನಸ್ಸಿನಲ್ಲೇ ಎದ್ದವು, ಎರಡೂ ಇವೆ.

ಮೊದಲನೆಯ ಶಂಕೆ: ಇವರು ಮಕ್ಕಳು, ಲೋಕವನ್ನು ಕಾಣದವರು, ಹಿರಿಯರಿಗೆ ಹೇಳಲು ಇವರಿಗೇನು ಅಧಿಕಾರ? ಇದಕ್ಕೆ ಸಮಾಧಾನ ನಮ್ಮ ಆಗಮದಲ್ಲಿಯೇ ಇದೆ. ಎಂಟು ವರ್ಷ ಕಳೆದ ಮನುಷ್ಯನು ಸಂಯಮವನ್ನು ಧರಿಸಲು ಯೋಗ್ಯನೆಂದು ಸಿದ್ಧಾಂತಶಾಸ್ತ್ರ ಒಪ್ಪಿದೆ. ಎಂಟು ವರ್ಷದ ಎಲ್ಲ ಮಕ್ಕಳೂ ಜ್ಞಾನಿಗಳೆಂದು ಇದರ ಅರ್ಥವಲ್ಲ. ಆದರೆ ಪಾಪವನ್ನು ಪಾಪವೆಂದು ಗುರುತಿಸಿ ಅದರಿಂದ ಹಿಂದೆಗೆಯುವ ಶಕ್ತಿಗೆ ವಯಸ್ಸು ಅಡ್ಡಿಯಲ್ಲವೆಂದು ಸ್ಪಷ್ಟವಾಯಿತು. ನಿರ್ಜಲ ಉಪವಾಸ ಮಾಡಿದ ಎಳೆಯ ಮಗುವನ್ನು ವೇದಿಕೆಯ ಮೇಲೆ ಕೂರಿಸಿ ಹಾರ ಹಾಕುವ ನಾವು, ಅದೇ ಮಗು “ಇಷ್ಟೊಂದು ಏಕೆ ಉರಿಸುತ್ತೀರಿ?” ಎಂದು ಕೇಳಿದರೆ ವಯಸ್ಸನ್ನು ಮುಂದೆ ತರುವುದು ನ್ಯಾಯವೇ? ವ್ರತಕ್ಕೆ ಯೋಗ್ಯವಾದ ವಯಸ್ಸು ಪ್ರಶ್ನೆಗೂ ಯೋಗ್ಯವಾದುದೇ.

ಎರಡನೆಯ ಶಂಕೆ: ಇದು ಪಂಚಮ ಕಾಲ. ಅವಸರ್ಪಿಣಿಯಲ್ಲಿ ಬಲ, ಆಯುಸ್ಸು, ಭೂಮಿಯ ರಸ ಎಲ್ಲವೂ ಇಳಿಯುವುದು ಸಹಜ. ಅದನ್ನು ತಡೆಯಲು ಹೊರಟ ಮಕ್ಕಳು ಕಾಲವನ್ನೇ ತಡೆಯಹೊರಟಂತಾಗಲಿಲ್ಲವೇ? ಈ ಮಾತನ್ನು ನಾನೂ ಒಂದು ಕಾಲದಲ್ಲಿ ಆಡಿದವನು. ಈಗ ಅದರಲ್ಲಿ ದೋಷ ಕಾಣುತ್ತದೆ. ದುಃಷಮಾ ಕಾಲದ ಪ್ರಮಾಣ 21,000 ವರ್ಷಗಳು. ವೀರನಿರ್ವಾಣವಾಗಿ ಮೂರು ವರ್ಷ ಎಂಟೂವರೆ ತಿಂಗಳಿಗೆ ಅದು ಆರಂಭವಾಯಿತು. ಕಳೆದುದು ಎರಡೂವರೆ ಸಾವಿರ ವರ್ಷಗಳಿಗೆ ಸ್ವಲ್ಪ ಹೆಚ್ಚು. ಉಳಿದುದು ಹದಿನೆಂಟು ಸಾವಿರಕ್ಕೂ ಮೇಲೆ. ಅಷ್ಟು ದೀರ್ಘಕಾಲ ಶ್ರಾವಕ ಶ್ರಾವಿಕೆಯರೂ ಮುನಿ ಆರ್ಯಿಕೆಯರೂ ಈ ನೆಲದ ಮೇಲೆ ಇರುವರೆಂದೇ ಆಗಮದ ಮಾತು. ಹಾಗಿರುವಲ್ಲಿ ಆರನೆಯ ಕಾಲದ ಬೆಂಕಿಯನ್ನು ನಮ್ಮ ಇನ್ನೂರು ವರ್ಷಗಳ ಅವಸರದಲ್ಲಿ ಹೊತ್ತಿಸಿ, ಕಾಲದ ಮೇಲೆ ಹೊರಿಸುವುದು ಯಾವ ಶಾಸ್ತ್ರ? ಕಾಲ ಕೆಟ್ಟದೆಂಬುದು ವ್ರತವನ್ನು ಬಿಡಲು ಕಾರಣವಲ್ಲ, ಹಿಡಿಯಲು ಕಾರಣ. ಕತ್ತಲೆಯೆಂದಲ್ಲವೇ ನಾವು ರಾತ್ರಿಭೋಜನವನ್ನು ಬಿಡುವುದು?

ಮೂರನೆಯ ಶಂಕೆ ಇನ್ನೂ ಸೂಕ್ಷ್ಮವಾದುದು. ಪ್ರತಿಯೊಬ್ಬ ಜೀವನೂ ತನ್ನ ಕರ್ಮದ ಫಲವನ್ನೇ ಉಣ್ಣುತ್ತಾನೆ. ಮುಂದೆ ಹುಟ್ಟುವವರಿಗೆ ಬರುವ ಕಷ್ಟ ಅವರವರ ಕರ್ಮದಿಂದ ಬರುವುದು. ಅದಕ್ಕೆ ನಾವು ಹೊಣೆ ಹೇಗೆ? ಸಮಾಧಾನವೇನೆಂದರೆ, ಈ ತರ್ಕವನ್ನು ಒಪ್ಪಿದರೆ ಕಟುಕನೂ ನಿರ್ದೋಷಿಯಾಗಬೇಕು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಗೆ ಲಕ್ಷಣ ಹೇಳುವಾಗ ಪ್ರಮತ್ತಯೋಗವನ್ನು, ಅಂದರೆ ಎಚ್ಚರಗೇಡಿತನದ ನಡೆಯನ್ನು, ಮುಂದಿಟ್ಟರು. ಸಾಯುವವನ ಕರ್ಮ ಅವನದು. ಎಚ್ಚರಗೆಟ್ಟು ನಡೆದವನ ಬಂಧ ನಡೆದವನದು. ಅದೇ ಗ್ರಂಥದಲ್ಲಿ ಆಸ್ರವದ ತಾರತಮ್ಯಕ್ಕೆ ಜ್ಞಾತಭಾವ, ಅಜ್ಞಾತಭಾವಗಳನ್ನೂ ಕಾರಣವಾಗಿ ಹೇಳಿದೆ. ತಿಳಿದು ಮಾಡಿದುದಕ್ಕೂ ತಿಳಿಯದೆ ಮಾಡಿದುದಕ್ಕೂ ವ್ಯತ್ಯಾಸವುಂಟು. ನಮ್ಮ ಅಜ್ಜಂದಿರು ಕಲ್ಲಿದ್ದಲಿನ ರೈಲು ಹತ್ತಿದಾಗ ಇದೆಲ್ಲ ಅವರಿಗೆ ತಿಳಿದಿರಲಿಲ್ಲ. ಆದರೆ ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್ ಈ ಅನಿಲ ಹೆಚ್ಚಿದರೆ ಭೂಮಿ ಬಿಸಿಯಾಗುವುದೆಂದು 1896ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು. 1992ರಲ್ಲಿ ರಿಯೋ ನಗರದಲ್ಲಿ ರಾಷ್ಟ್ರಗಳು ಒಡಂಬಡಿಕೆಗೆ ಸಹಿ ಹಾಕಿದವು. ಇಂದು ಕಾಲೇಜಿನಲ್ಲಿ ಓದುವ ಮಕ್ಕಳು ಹುಟ್ಟಿದ್ದು ಆ ತಿಳಿವಳಿಕೆಯ ನಂತರ. ಅಜ್ಞಾತಭಾವವೆಂದು ಹೇಳಿಕೊಳ್ಳುವ ಅವಕಾಶ ಅವರಿಗೂ ಇಲ್ಲ, ನಮಗೂ ಇಲ್ಲ. ಅವರ ಕಳವಳಕ್ಕೆ ಇದೇ ಮೂಲವೆಂದು ನನಗೆ ತೋರುತ್ತದೆ.

ನಾಲ್ಕನೆಯ ಶಂಕೆ ನನ್ನ ಮಗನದು: “ಅವಳೂ ಸ್ಕೂಟರಿನಲ್ಲಿ ಹೋಗುತ್ತಾಳೆ, ಮೊಬೈಲು ಹಿಡಿಯುತ್ತಾಳೆ, ಫ್ಯಾನ್ ಹಾಕಿಕೊಂಡು ಮಲಗುತ್ತಾಳೆ. ತಾನು ಮಾಡುವುದನ್ನೇ ಬೇರೆಯವರು ಮಾಡಬಾರದೆಂದು ಹೇಳುವುದು ಯಾವ ನ್ಯಾಯ?” ಇದು ಸುಲಭದಲ್ಲಿ ತಳ್ಳಿಹಾಕುವ ಮಾತಲ್ಲ. ನಮ್ಮ ಜಪಮಾಲೆಯ 108 ಮಣಿಗಳ ಅರ್ಥವನ್ನು ನೆನೆಯೋಣ. ಸಂರಂಭ, ಸಮಾರಂಭ, ಆರಂಭ. ಮನಸ್ಸು, ಮಾತು, ಕಾಯ. ತಾನು ಮಾಡಿದುದು, ಮಾಡಿಸಿದುದು, ಮಾಡಿದುದಕ್ಕೆ ಒಪ್ಪಿದುದು. ಕ್ರೋಧ, ಮಾನ, ಮಾಯೆ, ಲೋಭ. ಇವನ್ನು ಗುಣಿಸಿದರೆ 108. ಕೃತಕ್ಕಷ್ಟೇ ಅಲ್ಲ, ಕಾರಿತ ಅನುಮೋದನಗಳಿಗೂ ನಾವು ಹೊಣೆ. ಇದು ಎರಡು ಕಡೆಗೂ ಹರಿತವಾದ ಅಲಗು. ಸ್ವಿಚ್ಚನ್ನು ಒತ್ತುವ ಬೆರಳು ಮೊಮ್ಮಗಳದಾದರೆ ಎಲ್ಲೋ ದೂರದಲ್ಲಿ ಉರಿದ ಕಲ್ಲಿದ್ದಲು ಅವಳ ಕಾರಿತ. ಅದನ್ನು ಅವಳು ಅರಿಯಬೇಕು. ಆದರೆ ಗೃಹಸ್ಥನ ವ್ರತವೆಲ್ಲವೂ ಆರಂಭದ ನಡುವೆಯೇ ನಿಂತು ಹಿಡಿಯುವ ವ್ರತ. ಒಲೆ ಹೊತ್ತಿಸುವ ಶ್ರಾವಿಕೆ ಅಹಿಂಸಾಣುವ್ರತಕ್ಕೆ ಅನರ್ಹಳೆಂದು ಯಾರೂ ಹೇಳಲಿಲ್ಲ. ಪೂರ್ಣ ತ್ಯಾಗಿಯಾದ ಮೇಲೆಯೇ ಪಾಪವನ್ನು ಪಾಪವೆನ್ನಬೇಕೆಂದರೆ, ಮುನಿಗಳ ಹೊರತು ಲೋಕದಲ್ಲಿ ಯಾರೂ ಬಾಯಿ ತೆರೆಯುವಂತಿಲ್ಲ. ಕೇಳಬೇಕಾದುದು “ನೀನು ಪೂರ್ಣವಾಗಿ ಬಿಟ್ಟಿದ್ದೀಯಾ?” ಎಂದಲ್ಲ, “ನಿನ್ನ ಪರಿಮಾಣವೆಷ್ಟು?” ಎಂದು.

ಈ ಪತ್ರಿಕೆಯ ವಾಚಕರಿಗೆ ವಿಶೇಷವಾಗಿ ವಿಚಾರಯೋಗ್ಯವಾದ ಘಟನೆಯೊಂದು ಜರ್ಮನಿಯ ಬರ್ಲಿನ್ ನಗರದಲ್ಲಿ ನಡೆಯಿತು. ಚುನಾವಣೆ ಸಮೀಪಿಸಿದ್ದಾಗ, 2021ನೆಯ ಆಗಸ್ಟ್ 30ರಂದು, ಕೆಲವು ಮಂದಿ ತರುಣ ತರುಣಿಯರು ಸಂಸತ್ ಭವನದ ಸಮೀಪ ಡೇರೆ ಹಾಕಿ ಅನ್ನ ಬಿಟ್ಟರು. ಸರಕಾರದ ಮುಖ್ಯಸ್ಥರಾಗಲು ಸ್ಪರ್ಧಿಸುತ್ತಿದ್ದ ಮೂವರು ನಾಯಕರೂ ಹವಾಮಾನದ ವಿಷಯವಾಗಿ ತಮ್ಮೊಡನೆ ಬಹಿರಂಗವಾಗಿ ಮಾತನಾಡಬೇಕೆಂಬುದು ಅವರ ಬೇಡಿಕೆ. ದಿನ ಕಳೆದಂತೆ ಹಲವರು ನಿಲ್ಲಿಸಿದರು. ಕೊನೆಗೆ ಉಳಿದವರು ಇಬ್ಬರೇ. ಸೆಪ್ಟೆಂಬರ್ 25ರಂದು, ಅಂದರೆ 27ನೆಯ ದಿನ, ಆ ಇಬ್ಬರು ನೀರನ್ನೂ ಬಿಟ್ಟರು. ಮೂವರು ನಾಯಕರಲ್ಲಿ ಒಬ್ಬರಾದ ಓಲಾಫ್ ಶೋಲ್ಜ್ ಚುನಾವಣೆಯ ಬಳಿಕ ಮಾತನಾಡಲು ಅಂದೇ ಒಪ್ಪಿದ್ದರಿಂದ ಅವರು ಆಹಾರ ಸ್ವೀಕರಿಸಿದರು. ನವೆಂಬರಿನಲ್ಲಿ ಆ ಮಾತುಕತೆ ನಡೆಯಿತು.

ಇದನ್ನು ಉಪವಾಸವೆನ್ನಬಹುದೇ? ಅನ್ನ ಬಿಟ್ಟ ಮಾತ್ರಕ್ಕೆ ಉಪವಾಸವಾಗದು. ವಿಷಯ ಕಷಾಯಗಳನ್ನೂ ಬಿಟ್ಟು ಆತ್ಮನ ಸಮೀಪದಲ್ಲಿ ನೆಲಸುವುದು ಉಪವಾಸ; ಉಳಿದುದು ಲಂಘನ. ಇಲ್ಲಿ ವೃತ್ತಿಪರಿಸಂಖ್ಯಾನ ತಪಸ್ಸಿನ ಸ್ವರೂಪವನ್ನು ನೆನೆದರೆ ಭೇದ ಸ್ಪಷ್ಟವಾಗುವುದು. ಮುನಿಗಳು ಆಹಾರಕ್ಕೆ ಹೊರಡುವಾಗ ಮನಸ್ಸಿನಲ್ಲೊಂದು ನಿಯಮ ಹಿಡಿಯುತ್ತಾರೆ: ಇಂಥ ಬೀದಿ, ಇಷ್ಟು ಮನೆ, ಬಾಗಿಲಲ್ಲಿ ಇಂಥ ವಸ್ತು ಹಿಡಿದ ದಂಪತಿ ಎಂದು. ಅದು ಕೂಡಿಬರದಿದ್ದರೆ ಹಾಗೆಯೇ ಹಿಂದಿರುಗುತ್ತಾರೆ. ಅವರ ನಿಯಮವೇನೆಂದು ನಮಗೆ ಹೇಳುವುದಿಲ್ಲ. ಕಲಶ ಹಿಡಿದು ಬಾಗಿಲಲ್ಲಿ ನಿಂತ ನಾವು ಕಳವಳಪಡುತ್ತೇವೆ. ಆದರೆ ಅವರು ನಮ್ಮನ್ನು ಒತ್ತಾಯಿಸಿದರೆಂದು ಯಾರೂ ಹೇಳುವಂತಿಲ್ಲ. ನಿಯಮವನ್ನು ಮೌನದಲ್ಲಿಡುವುದರಿಂದಲೇ ಅದು ತಪಸ್ಸು. ಬರ್ಲಿನ್ನಿನ ತರುಣರಾದರೋ ತಮ್ಮ ನಿಯಮವನ್ನು ಫಲಕದ ಮೇಲೆ ಬರೆದು ಇನ್ನೊಬ್ಬರ ಮುಂದೆ ಹಿಡಿದರು. ಒಂದರಲ್ಲಿ ಹಸಿವು ತನ್ನನ್ನು ಶೋಧಿಸುತ್ತದೆ; ಇನ್ನೊಂದರಲ್ಲಿ ಅನ್ಯರನ್ನು ಬಾಗಿಸುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯಲಾಗದು.

ಹಾಗೆಂದು ಅದನ್ನು ನಿದಾನಶಲ್ಯವೆಂದು ತಳ್ಳಿಬಿಡುವುದಕ್ಕೂ ನನ್ನ ಮನಸ್ಸು ಒಪ್ಪದು. ನಿದಾನವೆಂದರೆ ತಪಸ್ಸಿಗೆ ಬೆಲೆಯಾಗಿ ತನ್ನ ಮುಂದಿನ ಭೋಗವನ್ನು ಬಯಸುವುದು. ಈ ತರುಣರು ಬಯಸಿದುದು ಭೋಗವನ್ನಲ್ಲ, ಮಾತನ್ನು. ಆದಿತೀರ್ಥಂಕರರ ಕಥೆ ಇಲ್ಲಿ ನೆನಪಾಗುತ್ತದೆ. ಹೋಲಿಕೆಗಾಗಿ ಅಲ್ಲ, ನಮ್ಮ ತಿಳಿವಳಿಕೆಗಾಗಿ. ಆರು ತಿಂಗಳ ಯೋಗ ಮುಗಿಸಿ ಭಗವಂತರು ಆಹಾರಕ್ಕೆ ಹೊರಟಾಗ, ಕೊಡಬೇಕಾದುದು ಏನೆಂದು ಜನಕ್ಕೆ ತಿಳಿಯಲಿಲ್ಲ. ಆನೆ ತಂದರು, ಕುದುರೆ ತಂದರು, ರತ್ನ ತಂದರು. ಬೇಕಾದ ಆಹಾರವೊಂದನ್ನು ಮಾತ್ರ ತರಲಿಲ್ಲ. ಹಸ್ತಿನಾಪುರದ ಶ್ರೇಯಾಂಸನಿಗೆ ಪೂರ್ವಜನ್ಮದ ಸ್ಮರಣೆಯಾಗಿ ಕಬ್ಬಿನ ರಸ ಕೊಡುವವರೆಗೆ ತಿಂಗಳುಗಳೇ ಕಳೆದುವು. ನಾವೂ ನಮ್ಮ ಮಕ್ಕಳಿಗೆ ಏನೇನೋ ಕೊಡುತ್ತಿದ್ದೇವೆ. ವಾಹನ ಕೊಟ್ಟೆವು, ದುಬಾರಿ ಕಾಲೇಜಿನ ಸೀಟು ಕೊಟ್ಟೆವು, ಬಂಗಾರ ಮಾಡಿಸಿಟ್ಟೆವು. ಅವರು ಕೇಳುತ್ತಿರುವುದು ತಮ್ಮ ಮುಪ್ಪಿನಲ್ಲೂ ಬದುಕಬಹುದಾದ ನೆಲ, ನೀರು, ಗಾಳಿ. ಕೊಡುವ ಕೈ ಬಹಳ. ಕೇಳಿದುದನ್ನು ತಿಳಿದು ಕೊಡುವ ಶ್ರೇಯಾಂಸರು ವಿರಳ.

ಆದುದರಿಂದ ನನ್ನ ತೀರ್ಮಾನ ಇದು. ಬರ್ಲಿನ್ನಿನ ನಿರಶನ ತಪಸ್ಸಲ್ಲ, ಅದೊಂದು ಮೊರೆ. ನೀರನ್ನೂ ಬಿಟ್ಟ ಆ ಕೊನೆಯ ಹೆಜ್ಜೆಯನ್ನು ನಾನು ಒಪ್ಪುವುದಿಲ್ಲ. ನಮ್ಮ ಮಕ್ಕಳು ಯಾರೂ ಅದನ್ನು ಅನುಕರಿಸಬಾರದು. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಮಾತ್ರ ಸಮಂತಭದ್ರಾಚಾರ್ಯರು ಸಲ್ಲೇಖನವನ್ನು ವಿಧಿಸಿದರು; ಅದೂ ಕಷಾಯವನ್ನು ಕೃಶಗೊಳಿಸಿ. ಇಪ್ಪತ್ತರ ಆಸುಪಾಸಿನ ಆರೋಗ್ಯವಂತ ದೇಹ ಸಂಯಮದ ಸಾಧನ. ಅದನ್ನು ಪಣವಾಗಿ ಒಡ್ಡುವುದು ಸಲ್ಲದು. ಆದರೆ ಮೊರೆಯಿಡುವವನ ತಪ್ಪನ್ನು ಎಣಿಸುವ ಮುನ್ನ ಅವನು ಆ ಸ್ಥಿತಿಗೆ ಬರುವವರೆಗೆ ಕಿವಿ ಮುಚ್ಚಿಕೊಂಡವರ ಪಾಲೆಷ್ಟೆಂದು ಎಣಿಸಬೇಕು. ಅದೂ ಕಾರಿತವೇ.

ಈ ಮಾತನ್ನು ಬರೆಯುವಾಗ ನನ್ನದೇ ಒಂದು ತಪ್ಪು ಎದುರಿಗೆ ಬಂದು ನಿಲ್ಲುತ್ತದೆ. ಸುಮಾರು 30 ವರ್ಷಗಳ ಹಿಂದೆ ನಾನು ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ನೀತಿಪಾಠದ ವೇಳೆಯಲ್ಲಿ ಕಪ್ಪುಹಲಗೆಯ ಮೇಲೆ ನೇರಳೆ ಮರವೊಂದನ್ನು ಬರೆದು ಷಡ್ಲೇಶ್ಯೆಗಳ ದೃಷ್ಟಾಂತವನ್ನು ಹೇಳಿದ್ದೆ. ಹಸಿದ ಆರು ಮಂದಿ ಬಂದರು. ಹಣ್ಣಿಗಾಗಿ ಒಬ್ಬ ಮರವನ್ನು ಬುಡಸಹಿತ ಕೀಳಬೇಕೆಂದ, ಒಬ್ಬ ಕಾಂಡವನ್ನು ಕಡಿಯಬೇಕೆಂದ, ಒಬ್ಬ ದೊಡ್ಡ ಕೊಂಬೆಯನ್ನು, ಒಬ್ಬ ಸಣ್ಣ ಕೊಂಬೆಯನ್ನು, ಒಬ್ಬ ಹಣ್ಣನ್ನಷ್ಟೇ ಕೀಳೋಣವೆಂದ. ಆರನೆಯವನು ಕೆಳಗೆ ಬಿದ್ದುದನ್ನು ಆಯ್ದುಕೊಂಡರೆ ಸಾಕೆಂದ. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗೆ ಪರಿಣಾಮಗಳ ಮೆಟ್ಟಿಲು. ಹುಡುಗರು ಚೆನ್ನಾಗಿ ಕೇಳಿದರು. ಕೆಲವು ತಿಂಗಳ ಮೇಲೆ ರಸ್ತೆ ಅಗಲಿಸಲು ಶಾಲೆಯ ಮುಂದಿನ ಸಾಲುಮರಗಳನ್ನು ಕಡಿಯಲು ಬಂದರು. ಒಂಬತ್ತನೆಯ ತರಗತಿಯ ಐದು ಮಂದಿ ಹುಡುಗರು ಪಾಠಕ್ಕೆ ಬಾರದೆ ಒಂದು ನೇರಳೆ ಮರದ ಬುಡದಲ್ಲಿ ಕುಳಿತರು. ನಾನು ಹೋಗಿ ಗದರಿಸಿದೆ. ಒಬ್ಬ ಹುಡುಗ ಎದ್ದು ನಿಂತು, “ಸಾರ್, ನೀವು ಹಲಗೆ ಮೇಲೆ ಬರೆದ ಮರ ಇದೇ ಅಲ್ವಾ?” ಎಂದ. ಅವನ ಅಂಗೈಗೆ ಎರಡು ಏಟು ಕೊಟ್ಟೆ. ಐವರ ಹೆಸರಿನ ಮುಂದೆಯೂ ಗೈರುಹಾಜರಿ ಬರೆದೆ. ಸಂಜೆಯೊಳಗೆ ಮರ ಉರುಳಿತು.

ನಮ್ಮದೇ ನಾಡಿನ ಉತ್ತರ ಕನ್ನಡ ಜಿಲ್ಲೆಯ ಸಲ್ಕಣಿಯಲ್ಲಿ ಅದಕ್ಕೆ ಬಹಳ ಮುಂಚೆ, 1983ನೆಯ ಸೆಪ್ಟೆಂಬರ್ 8ರಂದು, ಊರಿನ ಜನ ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆದಿದ್ದರು. ಅಪ್ಪಿಕೋ ಚಳುವಳಿ ಎಂದು ಅದು ಹೆಸರಾಯಿತು. ಅದರಲ್ಲಿ ಮುಂದಾಗಿ ನಿಂತವರು ಊರಿನ ಯುವಕರು. ಪತ್ರಿಕೆಗಳಲ್ಲಿ ಅದನ್ನು ಓದಿ ಮೆಚ್ಚಿಕೊಂಡಿದ್ದ ನಾನೇ ನನ್ನ ಶಾಲೆಯ ಅಂಗಳದಲ್ಲಿ ಅದನ್ನು ಗುರುತಿಸಲಾರದೆ ಹೋದೆ. ದೂರದ ಧರ್ಮವನ್ನು ಮೆಚ್ಚುವುದು ಸುಲಭ. ಆ ಐದು ಗೈರುಹಾಜರಿಗಳಿಗಾಗಿ ನಾನು ಪ್ರತಿಕ್ರಮಣದಲ್ಲಿ ಅನೇಕ ಸಲ ಆಲೋಚನೆ ಮಾಡಿದ್ದೇನೆ. ಆ ದಿನ ತರಗತಿಯಲ್ಲಿ ಇಲ್ಲದವನು ನಾನು. ಪಾಠದಲ್ಲಿ ಇದ್ದವರು ಆ ಹುಡುಗರು.

ಅನರ್ಥದಂಡವ್ರತದ ಪ್ರಕರಣದಲ್ಲಿ ಪ್ರಮಾದಚರ್ಯೆಯೆಂಬುದೊಂದಿದೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಾಳಿಯನ್ನು ಕದಡುವುದು, ಗಿಡಮರಗಳನ್ನು ಕಡಿಯುವುದು. ಪೃಥ್ವಿ, ಅಪ್ಪು, ತೇಜಸ್ಸು, ವಾಯು, ವನಸ್ಪತಿ ಎಂಬ ಐದು ಸ್ಥಾವರ ಕಾಯಗಳೂ ಇಲ್ಲಿ ಬಂದುವು. ಇಂದು ವಿದ್ಯಾರ್ಥಿಗಳು ಫಲಕಗಳ ಮೇಲೆ ಬರೆಯುತ್ತಿರುವುದು ಇದೇ ಐದನ್ನು. ನಾವು ಗುಣವ್ರತವೆಂದು ಪೂಜಾಪುಸ್ತಕದಲ್ಲಿ ಓದುತ್ತೇವೆ. ಅವರು ಬೀದಿಯಲ್ಲಿ ಕೂಗುತ್ತಾರೆ. ಓದುವವರಿಗೂ ಕೂಗುವವರಿಗೂ ಪರಸ್ಪರ ಪರಿಚಯವಾಗದಿರುವುದೇ ದುಃಖ. ಬಸದಿಯ ಉತ್ಸವದಲ್ಲಿ ಹಗಲೂ ರಾತ್ರಿ ಓಡುವ ಡೀಸೆಲ್ ಜನರೇಟರು, ಸಾಮೂಹಿಕ ಪಾರಣೆಯ ಮರುದಿನ ರಾಶಿ ಬೀಳುವ ಪ್ಲಾಸ್ಟಿಕ್ ಬಾಟಲಿ, ಒಂದೊಂದು ಮದುವೆಗೆ ಬೆಳಗುವ ಸಾವಿರಾರು ದೀಪ, ಇವುಗಳಲ್ಲಿ ಪ್ರಯೋಜನವೆಷ್ಟು, ಪ್ರಮಾದವೆಷ್ಟು ಎಂದು ಲೆಕ್ಕ ಹಾಕಲು ಹೇಗ್ ನಗರದ ನ್ಯಾಯಾಲಯ ಬೇಕಾಗಿಲ್ಲ.

ಕೊನೆಗೆ ಮೊಮ್ಮಗಳನ್ನು ಕರೆದು, ಅವಳ ತಂದೆಯ ಎದುರಿನಲ್ಲಿಯೇ ಮೂರು ಮಾತು ಹೇಳಿದೆ. “ಮಗಳೇ, ನೀನು ನಿಲ್ಲುವುದಾದರೆ ನಿಲ್ಲು. ಆದರೆ ಸರಕಾರವನ್ನು ಏನು ಕೇಳುತ್ತೀಯೋ ಅದರ ಒಂದಂಶವನ್ನು ನಿನ್ನ ಮೇಲೆ ಮೊದಲು ಹಾಕಿಕೊ. ಆಜೀವ ಪರ್ಯಂತದ ಯಮ ಬೇಡ. ನಾಲ್ಕು ತಿಂಗಳೋ ಒಂದು ವರ್ಷವೋ ಅವಧಿಯಿಟ್ಟು ನಿಯಮ ಹಿಡಿ. ಎರಡನೆಯದು, ಮಾತಿನಲ್ಲಿ ಕ್ರೋಧ ಬರಬಾರದು. ಯಾರನ್ನು ಎದುರಿಸಿ ನಿಲ್ಲುತ್ತೀಯೋ ಅವರೂ ಈ ತಾಪದಲ್ಲಿ ಬೇಯುವವರೇ. ಮೂರನೆಯದು, ತಪ್ಪಿಸಿದ ಪಾಠವನ್ನು ಅದೇ ವಾರ ಓದಿ ಮುಗಿಸು. ಗೈರುಹಾಜರಿ ಹಾಕಿದರೆ ಸುಳ್ಳು ಕಾರಣ ಬರೆದು ಅಳಿಸಿಕೊಳ್ಳಬೇಡ, ಅದನ್ನು ನಿನ್ನ ಕಾಣಿಕೆಯೆಂದು ತಿಳಿ.” ಅವಳು ಮೂರಕ್ಕೂ ಒಪ್ಪಿದಳು. ದೀಪಾವಳಿಯಿಂದ ಮುಂದಿನ ದೀಪಾವಳಿಯವರೆಗೆ ಕಾಲೇಜಿಗೆ ಬಸ್ಸಿನಲ್ಲೇ ಹೋಗುವುದಾಗಿಯೂ ಹೊಸ ಬಟ್ಟೆ ನಾಲ್ಕಕ್ಕಿಂತ ಹೆಚ್ಚು ಕೊಳ್ಳುವುದಿಲ್ಲವೆಂದೂ ಅಲ್ಲಿಯೇ ನಿಯಮ ಹಿಡಿದಳು. ಆಮೇಲೆ ಕೇಳಿದಳು: “ಅಜ್ಜ, ನೀವು?”

ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಫಾಲ್ಗುಣದಲ್ಲಿ ನಾನೂ ನನ್ನ ಪತ್ನಿಯೂ ಸಮ್ಮೇದಶಿಖರಜಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಮಗ ವಿಮಾನದ ಟಿಕೆಟ್ಟಿಗೆ ಹಣ ತೆಗೆದಿಟ್ಟಿದ್ದ. ಮಂಡಿನೋವಿನ ಮುದುಕನಿಗೆ ಎರಡು ಹಗಲು ಎರಡು ರಾತ್ರಿಗೂ ಮಿಕ್ಕಿದ ರೈಲು ಪ್ರಯಾಣ ಸಣ್ಣ ಮಾತಲ್ಲ. ಮೊದಲು ಆ ನೆವವನ್ನೇ ಹೇಳಲು ಬಾಯಿ ತೆರೆದೆ. ಆಗ ಆ ಹುಡುಗನ ಅಂಗೈ ಕಣ್ಣ ಮುಂದೆ ಬಂತು. ನಮ್ಮ ಹಿರಿಯರು ತಿಂಗಳುಗಟ್ಟಲೆ ನಡೆದು ಹೋದ ಕ್ಷೇತ್ರಕ್ಕೆ ನಾನು ಮೂರು ದಿನ ಕುಳಿತು ಹೋಗಲಾರೆನೇ? ಪಾರಸನಾಥ ನಿಲ್ದಾಣದವರೆಗೆ ರೈಲಿನಲ್ಲೇ ಹೋಗುವುದೆಂದೂ, ಒಂದು ವರ್ಷ ವಿಮಾನ ಹತ್ತುವುದಿಲ್ಲವೆಂದೂ ನಿಯಮ ಹಿಡಿದೆ. ನನ್ನ ಪತ್ನಿ, “ಇಷ್ಟಕ್ಕೆ ಇಷ್ಟೊಂದು ಶಾಸ್ತ್ರವೇ?” ಎಂದು ನಕ್ಕಳು. ಮಗ ಏನೂ ಹೇಳಲಿಲ್ಲ. ಮರುದಿನ ರೈಲಿನ ಕೆಳಗಿನ ಬರ್ತುಗಳನ್ನು ಕಾದಿರಿಸಿ ಬಂದ.

ಒಬ್ಬ ಮುದುಕ ರೈಲು ಹತ್ತಿದ ಮಾತ್ರಕ್ಕೆ ಕಡಲು ತಣ್ಣಗಾಗದೆಂದು ನನಗೆ ಗೊತ್ತು. ಒಂದು ಬಾವಿಯ ನೀರನ್ನು ಸೋಸಿದ ಮಾತ್ರಕ್ಕೆ ಲೋಕದ ಜೀವಹಿಂಸೆ ನಿಲ್ಲದೆಂಬುದೂ ನಮ್ಮ ಹಿರಿಯರಿಗೆ ಗೊತ್ತಿತ್ತು. ಆದರೂ ಅವರು ಸೋಸುವುದನ್ನು ಬಿಡಲಿಲ್ಲ. ಕಿರಿಯರು ಕೇಳುತ್ತಿರುವುದು ರಾಷ್ಟ್ರಗಳನ್ನು. ರಾಷ್ಟ್ರಗಳು ಉತ್ತರಿಸುವವರೆಗೆ ಕೇಳುತ್ತಲೇ ಇರಲಿ. ಅವರ ಧ್ವನಿ ಒರಟಾಯಿತೆಂದು ತೀರ್ಪು ಹೇಳುವುದು ಹಿರಿಯರ ಉತ್ತರವಲ್ಲ. ಅವರ ಪಕ್ಕದಲ್ಲಿ ನಿಂತು ಹಿಡಿಯುವ ಒಂದು ಪರಿಮಾಣವೇ ಉತ್ತರ. ಬರುವ ಅಷ್ಟಾಹ್ನಿಕದಲ್ಲಿ ಪ್ರತಿಯೊಂದು ಮನೆಯ ಹಿರಿಯರೂ ಮಕ್ಕಳನ್ನು ಕೂರಿಸಿಕೊಂಡು, “ನಿನ್ನ ದೃಷ್ಟಿಯಲ್ಲಿ ನಮ್ಮ ಮನೆಯ ಪ್ರಮಾದವೇನು?” ಎಂದು ಒಮ್ಮೆ ಕೇಳಬೇಕೆಂದು ನನ್ನ ಬಿನ್ನಹ. ಉತ್ತರವನ್ನು ಕೇಳುವ ಹೊತ್ತಿಗೆ ಕೈಯಲ್ಲಿ ಹಾಜರಿ ಪುಸ್ತಕವಿರದಿದ್ದರೆ ಸಾಕು.